ಬಸ್ಸು, ರೈಲು ಎಲ್ಲರೂ ಹತ್ತುವ ಹಾಗಾಗಬೇಕು ಅಂದರೆ ಮೊದಲು ಏನು ಸರಿಯಾಗಬೇಕು?

ಮೂರನೇ_ಸೀಟು (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ಸಾರಿಗೆ ಸಂಸ್ಥೆಯೊಂದು ಪ್ರಯಾಣಿಕರ ಸಮಿತಿ ಮಾಡಿದೆ. ಅದರಲ್ಲಿ ನಾನೂ ಇದ್ದೇನೆ. ಅಂಗವಿಕಲರಿಗೆ, ವಯಸ್ಸಾದವರಿಗೆ ಬಸ್ಸು-ರೈಲಿನ ಸೇವೆ ಹೇಗೆ ಸುಧಾರಿಸಬಹುದು ಅಂತ ನಾವು ಸಲಹೆ ಕೊಡಬೇಕು. ಮೊದಲ ಸಭೆಯಲ್ಲಿ ಒಬ್ಬರು ನೆಲ ತಗ್ಗಿರುವ ಲೋ ಫ್ಲೋರ್ ಬಸ್ ಅಂದರು, ಇನ್ನೊಬ್ಬರು ಆ್ಯಪ್ ಅಂದರು, ಮತ್ತೊಬ್ಬರು ಮನೆ ಬಾಗಿಲಿಗೇ ಬರುವ ವ್ಯಾನ್ ಅಂದರು. ಎಲ್ಲಕ್ಕೂ ದುಡ್ಡು ಸಾಲುವುದಿಲ್ಲ.

ನನಗೆ ಸದ್ಯಕ್ಕೆ ಕೈಕಾಲು ಗಟ್ಟಿಯಾಗಿವೆ. ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ. ಒಂದೇ ಒಂದು ಕೆಲಸ ಮೊದಲು ಮಾಡಿ ಅನ್ನಬೇಕಾದರೆ ಯಾವುದನ್ನು ಹೇಳುತ್ತೀರಿ? ದಯವಿಟ್ಟು "ಜನರ ಮನಸ್ಸು ಬದಲಾಗಬೇಕು" ಅನ್ನಬೇಡಿ. ಅದನ್ನು ಟೆಂಡರ್‌ನಲ್ಲಿ ಬರೆಯಲು ಆಗುವುದಿಲ್ಲ.

ಗಾಲಿ_ಸವಾರ

ಲಿಫ್ಟ್ ರಿಪೇರಿ.

ಮೂರನೇ_ಸೀಟು

ಅಷ್ಟೇನಾ ಸರ್? ಸ್ವಲ್ಪ ಬಿಡಿಸಿ ಹೇಳಿ.

ಗಾಲಿ_ಸವಾರ

ಹೇಳುತ್ತೇನೆ. ನಾನು ವೀಲ್‌ಚೇರ್‌ನಲ್ಲಿ ಓಡಾಡುವವನು. ರೈಲಿನಲ್ಲಿ ಹೋಗಬೇಕು ಅಂದರೆ ನನಗೆ ನಾಲ್ಕು ಲಿಫ್ಟ್ ಬೇಕು. ಹತ್ತುವ ಸ್ಟೇಷನ್ನಿನಲ್ಲಿ ರಸ್ತೆಯಿಂದ ಟಿಕೆಟ್ ಕೌಂಟರ್‌ಗೆ ಒಂದು, ಅಲ್ಲಿಂದ ಪ್ಲಾಟ್‌ಫಾರ್ಮ್‌ಗೆ ಒಂದು. ಇಳಿಯುವ ಕಡೆಯೂ ಹಾಗೇ ಎರಡು. ನಾಲ್ಕರಲ್ಲಿ ಮೂರು ಓಡುತ್ತಿದ್ದರೂ ಪ್ರಯೋಜನ ಇಲ್ಲ. ಕೆಟ್ಟ ಆ ಒಂದು ಲಿಫ್ಟ್ ಇಳಿಯುವ ಕಡೆ ಇದ್ದರಂತೂ ಇನ್ನೂ ಕಷ್ಟ. ಪ್ಲಾಟ್‌ಫಾರ್ಮ್ ಮೇಲೆ ಸಿಕ್ಕಿಹಾಕಿಕೊಳ್ಳುತ್ತೇನೆ. ಮುಂದಿನ ಸ್ಟೇಷನ್ನಿಗೆ ಹೋಗಿ ಇಳಿದು ರಸ್ತೆಯಲ್ಲಿ ವಾಪಸ್ ಬರಬೇಕು.

ಲಿಫ್ಟ್ ಕೆಟ್ಟಿದೆ ಅಂತ ಬೋರ್ಡ್ ಹಾಕುತ್ತಾರೆ, ಇಲ್ಲ ಅನ್ನುವುದಿಲ್ಲ. ಎಲ್ಲಿ ಹಾಕುತ್ತಾರೆ? ಆ ಲಿಫ್ಟಿನ ಬಾಗಿಲಿಗೇ. ಒಂದು ಬಿಳಿ ಹಾಳೆ, ನಾಲ್ಕು ಮೂಲೆಗೂ ಟೇಪು. ಟೇಪು ಹಳದಿಯಾಗಿರುವುದನ್ನು ನೋಡಿದರೆ ಎಷ್ಟು ದಿನದಿಂದ ಕೆಟ್ಟಿದೆ ಅಂತ ಗೊತ್ತಾಗುತ್ತದೆ. "ದುರಸ್ತಿಯಲ್ಲಿದೆ, ಸಹಕರಿಸಿ" ಅಂತ ಬರೆದಿರುತ್ತದೆ. ನಾನು ಏನು ಸಹಕರಿಸಬೇಕೋ ಇವತ್ತಿಗೂ ಅರ್ಥವಾಗಿಲ್ಲ. ಅದೇ ಮಾತನ್ನು ನಾನು ಹತ್ತುವ ಸ್ಟೇಷನ್ನಿನಲ್ಲೇ ಹೇಳಿದ್ದರೆ ಬೇರೆ ದಾರಿ ನೋಡಿಕೊಳ್ಳುತ್ತಿದ್ದೆ.

ಸಿಮೆಂಟು_ಮರಳು

ನಾನು ಸಿವಿಲ್ ಎಂಜಿನಿಯರ್. ಮೇಲಿನ ಮಾತಿಗೆ ಸಹಿ ಹಾಕುತ್ತೇನೆ. ಲಿಫ್ಟ್ ಹಾಕಿಸಲು ದುಡ್ಡು ಸಿಗುತ್ತದೆ, ಉದ್ಘಾಟನೆ ಆಗುತ್ತದೆ, ಫೋಟೊ ಬರುತ್ತದೆ. ಅದರ ನಿರ್ವಹಣೆಗೆ ಯಾರೂ ರಿಬ್ಬನ್ ಕತ್ತರಿಸುವುದಿಲ್ಲ ನೋಡಿ. ಗುತ್ತಿಗೆಯಲ್ಲಿ "ತಿಂಗಳಿಗೊಮ್ಮೆ ಪರಿಶೀಲಿಸಬೇಕು" ಅಂತ ಬರೆದರೆ ಯಾರೋ ಬಂದು ಪುಸ್ತಕಕ್ಕೆ ಸಹಿ ಹಾಕಿ ಹೋಗುತ್ತಾರೆ. ಅದರ ಬದಲು "ಇಷ್ಟು ಗಂಟೆಗಿಂತ ಜಾಸ್ತಿ ನಿಂತರೆ ಇಷ್ಟು ದಂಡ" ಅಂತ ಬರೆಯಬೇಕು. ಆಗ ಬಿಡಿಭಾಗ ತಾನಾಗಿಯೇ ಬೇಗ ಬರುತ್ತದೆ.

ಖರ್ಚು_ವೆಚ್ಚ

ಕೇಳಲು ಚೆನ್ನಾಗಿದೆ. ಆದರೆ ಕಹಿ ಮಾತು ಒಬ್ಬರಾದರೂ ಆಡಬೇಕಲ್ಲ, ನಾನೇ ಆಡುತ್ತೇನೆ. ನಾನು ದಿನಾ ಬಸ್ಸಿನಲ್ಲಿ ಓಡಾಡುತ್ತೇನೆ. ರ‍್ಯಾಂಪ್ ಇರುವ ಬಸ್ಸಿನಲ್ಲಿ ವೀಲ್‌ಚೇರ್ ಹತ್ತಿದ್ದನ್ನು ನೋಡಿದ ನೆನಪೇ ಇಲ್ಲ. ಬಳಸದ ವಸ್ತುವಿಗೆ ಇಷ್ಟು ದುಡ್ಡು ಸುರಿಯಬೇಕಾ? ಅದೇ ದುಡ್ಡಿನಲ್ಲಿ ಇನ್ನೊಂದಿಷ್ಟು ಬಸ್ಸು ಬಿಟ್ಟರೆ ಎಲ್ಲರಿಗೂ ಉಪಯೋಗ ಆಗುತ್ತದೆ, ಹಿರಿಯರಿಗೂ ಸೇರಿ.

ಗಾಲಿ_ಸವಾರ

ನೀವು ನೋಡಿಲ್ಲ, ಯಾಕೆಂದರೆ ನಾನು ಆ ಬಸ್ ಸ್ಟಾಪಿಗೇ ಬರಲು ಆಗಿಲ್ಲ. ಫುಟ್‌ಪಾತ್ ಒಂದು ಕಡೆ ಮೊಣಕಾಲೆತ್ತರ, ಇನ್ನೊಂದು ಕಡೆ ಅಗೆದು ಬಿಟ್ಟಿದ್ದಾರೆ. ಹೇಗೋ ಸ್ಟಾಪಿಗೆ ಬಂದರೂ ಯಾವ ಬಸ್ಸಿಗೆ ರ‍್ಯಾಂಪ್ ಇದೆ ಅಂತ ಗೊತ್ತಿರುವುದಿಲ್ಲ. ನಾಲ್ಕು ಬಸ್ಸಿನಲ್ಲಿ ಒಂದಕ್ಕೆ ಇದ್ದರೆ ಅದನ್ನು ನಂಬಿಕೊಂಡು ಯಾರು ಕೆಲಸಕ್ಕೆ ಹೋಗುತ್ತಾರೆ?

ಅಮ್ಮನ_ಮಗಳು

+1. ಮತ್ತೆ ರ‍್ಯಾಂಪ್ ಅಂದರೆ ವೀಲ್‌ಚೇರ್‌ಗೆ ಮಾತ್ರ ಅಂತ ಯಾರು ಹೇಳಿದರು? ಮಗುವಿನ ತಳ್ಳುಗಾಡಿ, ವಾಕರ್ ಹಿಡಿದ ನಮ್ಮಮ್ಮ, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡವರು, ದೊಡ್ಡ ಸೂಟ್‌ಕೇಸ್ ಎಳೆದುಕೊಂಡು ಬರುವವರು, ಎಲ್ಲರಿಗೂ ಅದು ಬೇಕು.

ಪುಟ_ತಿರುಗಿಸಿ

@ಖರ್ಚು_ವೆಚ್ಚ, ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಕೊಟ್ಟ ಲೆಕ್ಕ ನೋಡಿ. ಜಗತ್ತಿನಲ್ಲಿ ಸುಮಾರು 130 ಕೋಟಿ ಜನಕ್ಕೆ ಗಣನೀಯ ಅಂಗವೈಕಲ್ಯ ಇದೆ. ಅಂದರೆ 16%. ಅದೇ ಸಂಸ್ಥೆಯ ಅಂದಾಜಿನ ಪ್ರಕಾರ 2030ರ ಹೊತ್ತಿಗೆ ಆರರಲ್ಲಿ ಒಬ್ಬರು 60 ದಾಟಿದವರು. ನೀವೂ ಆ ಸಾಲಿಗೇ ಬರುತ್ತಿದ್ದೀರಿ, ಸ್ವಲ್ಪ ತಡ ಅಷ್ಟೇ 😄

ಖರ್ಚು_ವೆಚ್ಚ

ನನ್ನ ವಯಸ್ಸು ನಿಮಗೆ ಹೇಗೆ ಗೊತ್ತು! ಇರಲಿ. ಸ್ಟಾಪಿಗೇ ಬರಲು ಆಗುವುದಿಲ್ಲ ಅನ್ನುವ ಮಾತು ಒಪ್ಪುತ್ತೇನೆ. ಹಾಗಾದರೆ ಮೊದಲು ರಸ್ತೆ ಬದಿ ಸರಿಮಾಡಿ ಅಂತಾಯಿತು. ಅದು ಸಾರಿಗೆ ಸಂಸ್ಥೆಯ ಕೆಲಸವೇ ಅಲ್ಲವಲ್ಲ.

ಸಿಮೆಂಟು_ಮರಳು

ಅಲ್ಲೇ ಎಲ್ಲ ಹಾಳಾಗುವುದು. ಬಸ್ಸು ಒಬ್ಬರದ್ದು, ಸ್ಟಾಪು ಇನ್ನೊಬ್ಬರದ್ದು, ಫುಟ್‌ಪಾತ್ ಮತ್ತೊಬ್ಬರದ್ದು, ಅದನ್ನು ಅಗೆಯುವವರು ಬೇರೆ.

ಬಿಳಿ_ಕೋಲು

ನನಗೆ ಕಣ್ಣು ಕಾಣುವುದಿಲ್ಲ. ಸ್ಕ್ರೀನ್ ರೀಡರ್‌ನಲ್ಲಿ ಇದನ್ನೆಲ್ಲ ಕೇಳುತ್ತಿದ್ದೇನೆ. ಲಿಫ್ಟ್, ರ‍್ಯಾಂಪ್ ಎಲ್ಲ ಇರಲಿ. ನನ್ನ ಸಮಸ್ಯೆ ಅದಕ್ಕಿಂತ ಸಣ್ಣದು, ಪರಿಹಾರವೂ ಅಗ್ಗದ್ದು. ಬಂದು ನಿಂತ ಬಸ್ಸು ಯಾವುದು ಅಂತ ನನಗೆ ಗೊತ್ತಾಗಬೇಕು. ಅಷ್ಟೇ.

ಮೂರು ಬಸ್ಸು ಒಂದರ ಹಿಂದೆ ಒಂದು ಬರುತ್ತವೆ. ಮೊದಲನೆಯದು ನನ್ನ ಮುಂದೆ ನಿಲ್ಲುತ್ತದೆ. ಮೂರನೆಯದು ಎಲ್ಲೋ ಹಿಂದೆ ಬಾಗಿಲು ತೆಗೆದು, ಜನರನ್ನು ಇಳಿಸಿ, ಪಕ್ಕದಿಂದ ಹೊರಟೇ ಹೋಗುತ್ತದೆ. ನನಗೆ ಬೇಕಾದದ್ದು ಯಾವಾಗಲೂ ಆ ಮೂರನೆಯದೇ! ಪಕ್ಕದವರನ್ನು ಕೇಳಿದರೆ "ಅಗೋ, ಅದೇ" ಅನ್ನುತ್ತಾರೆ. ಕೈ ತೋರಿಸುತ್ತಿದ್ದಾರೆ ಅಂತ ಊಹೆ ಮಾಡಿಕೊಳ್ಳುತ್ತೇನೆ. ಬಾಗಿಲು ತೆಗೆದ ಕೂಡಲೇ ನಂಬರು, ಹೋಗುವ ಜಾಗ ಹೊರಗೆ ಕೇಳುವ ಹಾಗೆ ಒಂದು ಸ್ಪೀಕರ್ ಹೇಳಿದರೆ ಸಾಕು. ಒಳಗೆ ಮುಂದಿನ ಸ್ಟಾಪಿನ ಹೆಸರು ಹೇಳಲಿ. ಕೆಲವು ಬಸ್ಸಿನಲ್ಲಿ ಈ ವ್ಯವಸ್ಥೆ ಇದೆ, ಸದ್ದು ಜಾಸ್ತಿ ಅಂತ ಆಫ್ ಮಾಡಿರುತ್ತಾರೆ.

ಸ್ಟೇರಿಂಗ್_ಹಿಡಿದವ

ಆಫ್ ಮಾಡುವವರಲ್ಲಿ ನಮ್ಮವರೂ ಇದ್ದಾರೆ, ಸುಳ್ಳು ಹೇಳುವುದಿಲ್ಲ. ಇಡೀ ದಿನ ಕಿವಿ ಪಕ್ಕದಲ್ಲಿ ಅದೇ ಕೂಗುತ್ತಿದ್ದರೆ ತಲೆ ಚಿಟ್ಟು ಹಿಡಿಯುತ್ತದೆ. ಸ್ಪೀಕರನ್ನು ಡ್ರೈವರ್ ತಲೆಯ ಮೇಲೆ ಯಾಕೆ ಕೂರಿಸುತ್ತಾರೋ! ಬಾಗಿಲ ಹತ್ತಿರ ಹಾಕಿದರೆ ಯಾರೂ ಮುಟ್ಟುವುದಿಲ್ಲ.

ಮೂರನೇ_ಸೀಟು

@ಸ್ಟೇರಿಂಗ್_ಹಿಡಿದವ ನೀವು ಡ್ರೈವರಾ? ದಯವಿಟ್ಟು ಇಲ್ಲೇ ಇರಿ. ಬಿಡಬೇಡಿ.

ಸನ್ನೆ_ಬಲ್ಲವಳು

ಸ್ಪೀಕರ್ ಬಂತು, ನನಗೆ ಅದರಿಂದ ಏನೂ ಆಗಲಿಲ್ಲ. ನನಗೆ ಕಿವಿ ಕೇಳಿಸುವುದಿಲ್ಲ. ರೈಲು ಬೇರೆ ಪ್ಲಾಟ್‌ಫಾರ್ಮ್‌ಗೆ ಬರುತ್ತದೆ ಅಂತ ಮೈಕಿನಲ್ಲಿ ಮಾತ್ರ ಹೇಳುತ್ತಾರೆ. ಬೋರ್ಡಿನಲ್ಲಿ ಹಳೆಯ ನಂಬರೇ ಇರುತ್ತದೆ. ಎಲ್ಲರೂ ಇದ್ದಕ್ಕಿದ್ದಂತೆ ಓಡಲು ಶುರು ಮಾಡುತ್ತಾರೆ, ನಾನೂ ಓಡುತ್ತೇನೆ. ಒಮ್ಮೆ ಹಾಗೆ ಓಡಿ ನೋಡಿದರೆ ಅವರು ಬೇರೆ ರೈಲಿನವರು.

ಹೇಳಿದ್ದೆಲ್ಲ ತೋರಿಸಬೇಕು, ತೋರಿಸಿದ್ದೆಲ್ಲ ಹೇಳಬೇಕು. ಬರೆದುಕೊಳ್ಳಿ ಸರ್.

ಮೂರನೇ_ಸೀಟು

ಬರೆದುಕೊಂಡೆ. ಇದನ್ನು ಟೆಂಡರ್‌ನಲ್ಲೂ ಬರೆಯಬಹುದು.

ನಿವೃತ್ತ_ಮೇಷ್ಟ್ರು

ನನಗೆ ಎಪ್ಪತ್ತು ದಾಟಿದೆ. ಅಂಗವಿಕಲ ಅನ್ನುವ ಸರ್ಟಿಫಿಕೇಟ್ ಇಲ್ಲ, ಮಂಡಿ ಮಾತ್ರ ಕೇಳುವುದಿಲ್ಲ. ನಮ್ಮಂಥವರ ಕಥೆ ಯಾರ ಪಟ್ಟಿಯಲ್ಲೂ ಬರುವುದಿಲ್ಲ.

ಹತ್ತುವುದು ಹೇಗೋ ಆಗುತ್ತದೆ. ಭಯ ಇರುವುದು ಹತ್ತಿದ ಮೇಲೆ. ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಪಾಸು. ಕಂಬಿ ಹಿಡಿಯುವ ಮೊದಲೇ ಬಸ್ಸು ಜಗ್ಗುತ್ತದೆ. ಸೀಟು ಇನ್ನೂ ನಾಲ್ಕು ಹೆಜ್ಜೆ ದೂರ. ಬಸ್ಸಿಗೆ ಏನೂ ಡಿಕ್ಕಿ ಹೊಡೆಯದೆಯೇ ಒಳಗೆ ಬಿದ್ದು ಸೊಂಟ ಮುರಿದುಕೊಂಡವರು ನನ್ನ ಗೆಳೆಯರಲ್ಲೇ ಇದ್ದಾರೆ. ಅದು ಅಪಘಾತದ ಲೆಕ್ಕಕ್ಕೆ ಬರುತ್ತದೋ ಇಲ್ಲವೋ. ವಯಸ್ಸಾದವರು ಕೂತ ಮೇಲೆ ಹೊರಡಿ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಸ್ಟೇರಿಂಗ್_ಹಿಡಿದವ

ಮೇಷ್ಟ್ರೇ, ಖರ್ಚು ಇದೆ. ಆ ಖರ್ಚು ನಿಮಿಷದಲ್ಲಿ. ನನ್ನ ಟ್ರಿಪ್ಪಿಗೆ ಕೊಟ್ಟ ಸಮಯ ರಸ್ತೆ ಖಾಲಿ ಇದ್ದರೆ ಮಾತ್ರ ಸಾಲುತ್ತದೆ. ಒಬ್ಬರು ಕೂರುವವರೆಗೆ ಕಾದರೆ ಅರ್ಧ ನಿಮಿಷ. ರ‍್ಯಾಂಪ್ ತೆಗೆದು ವೀಲ್‌ಚೇರ್ ಹತ್ತಿಸಿ ಬೆಲ್ಟು ಹಾಕಿದರೆ ಮೂರು ನಾಲ್ಕು ನಿಮಿಷ. ಕೊನೆಯಲ್ಲಿ ತಡ ಆಯಿತು ಅಂತ ನನಗೇ ಮೆಮೊ. ಮೆಮೊದಲ್ಲಿ "ಮಾನವೀಯತೆ ತೋರಿಸಿದ್ದಕ್ಕೆ" ಅಂತ ಬರೆಯುವುದಿಲ್ಲ. ತರಬೇತಿ ಕೊಡುತ್ತಾರೆ, ಒಳ್ಳೆಯ ಮಾತು ಹೇಳುತ್ತಾರೆ, ಮರುದಿನ ಅದೇ ಟೈಮ್ ಟೇಬಲ್.

ಇನ್ನೊಂದು ವಿಷಯ. ಸ್ಟಾಪಿನಲ್ಲಿ ಕಾರು, ಬೈಕು ನಿಲ್ಲಿಸಿರುತ್ತಾರೆ. ನಾನು ಬಸ್ಸನ್ನು ಅಂಚಿಗೆ ತರುವುದಾದರೂ ಹೇಗೆ? ನಡುರಸ್ತೆಯಲ್ಲಿ ನಿಲ್ಲಿಸಿದೆ ಅಂತ ಬೈಸಿಕೊಳ್ಳುವುದೂ ನಾನೇ.

ಸಿಮೆಂಟು_ಮರಳು

ಅಂಚಿಗೆ ತರುವುದು ಎಷ್ಟು ಮುಖ್ಯ ಅಂತ ಲೆಕ್ಕ ಹಾಕಿ ತೋರಿಸುತ್ತೇನೆ. ಲೋ ಫ್ಲೋರ್ ಬಸ್ಸಿನ ನೆಲ ರಸ್ತೆಯಿಂದ ಸುಮಾರು 35 ಸೆಂ.ಮೀ. ಎತ್ತರ ಇರುತ್ತದೆ. ಸಸ್ಪೆನ್ಷನ್ನಿನ ಗಾಳಿ ಬಿಟ್ಟು ಬಸ್ಸು ಬಾಗಿದರೆ ಇನ್ನೊಂದು 7-8 ಸೆಂ.ಮೀ. ಇಳಿಯುತ್ತದೆ. 27 ಅಂತ ಇಟ್ಟುಕೊಳ್ಳಿ. ಫುಟ್‌ಪಾತ್ 15 ಸೆಂ.ಮೀ. ಇದ್ದರೆ ಉಳಿಯುವುದು 12. ಒಂದು ಮೀಟರ್ ಉದ್ದದ ರ‍್ಯಾಂಪ್ ಹಾಸಿದರೆ ಇಳಿಜಾರು ಸುಮಾರು 1:8, ಅಂದರೆ ಎಂಟು ಅಡಿ ಉದ್ದಕ್ಕೆ ಒಂದು ಅಡಿ ಏರು. ಕಟ್ಟಡಗಳಿಗೆ ಹೇಳುವ 1:12 ಅಲ್ಲ, ಆದರೂ ಹಿಂದಿನಿಂದ ಒಬ್ಬರು ತಳ್ಳಿದರೆ ಆರಾಮಾಗಿ ಹತ್ತಬಹುದು.

ಈಗ ಅದೇ ಬಸ್ಸು ನಡುರಸ್ತೆಯಲ್ಲಿ ನಿಂತಿತು ಅನ್ನಿ. ರ‍್ಯಾಂಪಿನ ತುದಿ ರಸ್ತೆಗೇ ಬೀಳುತ್ತದೆ. 27 ಸೆಂ.ಮೀ.ಗೆ ಒಂದು ಮೀಟರ್. ಸುಮಾರು 1:4. ತಳ್ಳುವವರ ಉಸಿರು ಕಟ್ಟುತ್ತದೆ, ಕುರ್ಚಿ ಹಿಂದಕ್ಕೆ ವಾಲುತ್ತದೆ. ಬಸ್ಸು ಅದೇ, ರ‍್ಯಾಂಪೂ ಅದೇ. ಡ್ರೈವರ್ ಎಲ್ಲಿ ನಿಲ್ಲಿಸಲು ಸಾಧ್ಯವಾಯಿತು ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಜರ್ಮನಿಯ ಕಾಸೆಲ್ ನಗರದಲ್ಲಿ ಇದಕ್ಕೆಂದೇ ಒಂದು ಅಂಚುಕಲ್ಲು ಮಾಡಿದರು. ಅದರ ಮುಖ ಒಳಕ್ಕೆ ಬಾಗಿರುತ್ತದೆ. ಟೈರು ಅದಕ್ಕೆ ತಾಗಿದರೂ ಹಾಳಾಗುವುದಿಲ್ಲ, ಕಲ್ಲೇ ಟೈರನ್ನು ನೇರಕ್ಕೆ ತರುತ್ತದೆ. ಡ್ರೈವರ್ ಹೆದರದೆ ಅಂಚಿಗೆ ಒತ್ತಿ ನಿಲ್ಲಿಸಬಹುದು. ಬ್ರೆಜಿಲ್‌ನ ಕುರಿಟಿಬಾದಲ್ಲಿ ಇನ್ನೊಂದು ದಾರಿ ಹಿಡಿದರು. 1991ರಿಂದ ಅಲ್ಲಿ ಕೊಳವೆ ಆಕಾರದ ಸ್ಟಾಪುಗಳಿವೆ. ಬಸ್ಸನ್ನು ತಗ್ಗಿಸುವ ಬದಲು ಸ್ಟಾಪನ್ನೇ ಬಸ್ಸಿನ ನೆಲದ ಎತ್ತರಕ್ಕೆ ಏರಿಸಿದರು. ಟಿಕೆಟ್ಟೂ ಒಳಗೆ ಬರುವಾಗಲೇ ಆಗಿರುತ್ತದೆ. ಹಾಗಾಗಿ ಎಲ್ಲರೂ ಬೇಗ ಹತ್ತುತ್ತಾರೆ.

ಖರ್ಚು_ವೆಚ್ಚ

ಈ ಮಾತು ನನಗೆ ಹಿಡಿಸಿತು. ಎಲ್ಲರೂ ಬೇಗ ಹತ್ತಿದರೆ ಬಸ್ಸೂ ಬೇಗ ಹೋಗುತ್ತದೆ. ಸಂಸ್ಥೆಯವರಿಗೆ ಹೀಗೆ ಹೇಳಿ, ಕೇಳುತ್ತಾರೆ. ದಯೆ ದಾಕ್ಷಿಣ್ಯ ಅಂದರೆ ಕೇಳುವುದಿಲ್ಲ.

ಗಾಲಿ_ಸವಾರ

ದಯೆ ಯಾರು ಕೇಳಿದರು ಸ್ವಾಮಿ? ಟಿಕೆಟ್ ತೆಗೆದುಕೊಂಡು ಹೋಗುತ್ತೇನೆ ಅನ್ನುತ್ತಿದ್ದೇನೆ.

ಪುಟ_ತಿರುಗಿಸಿ

ಬಸ್ಸು ಹತ್ತುವ ಹಕ್ಕು ಕೇಳಿ ಪಡೆದದ್ದಲ್ಲ, ಜಗಳ ಮಾಡಿ ಪಡೆದದ್ದು. 1978ರ ಜುಲೈ 5ರಂದು ಅಮೆರಿಕದ ಡೆನ್ವರ್‌ನಲ್ಲಿ 19 ಮಂದಿ ಅಂಗವಿಕಲರು ನಡುರಸ್ತೆಯಲ್ಲಿ ಬಸ್ಸುಗಳನ್ನು ತಡೆದು, ರಾತ್ರಿಯೆಲ್ಲ ಅಲ್ಲೇ ಇದ್ದರು. ಅವರ ಜೊತೆಗಿದ್ದವರು ವೇಡ್ ಬ್ಲ್ಯಾಂಕ್ ಅನ್ನುವ ಪಾದ್ರಿ. 1990ರಲ್ಲಿ ಅಲ್ಲಿ ಅಂಗವಿಕಲರ ಹಕ್ಕಿಗೆ ಎಡಿಎ ಅನ್ನುವ ಕಾಯ್ದೆ ಬಂತು. ಸಾರ್ವಜನಿಕ ಸೇವೆಗೆ ಕೊಳ್ಳುವ ಹೊಸ ಬಸ್ಸುಗಳನ್ನು ವೀಲ್‌ಚೇರ್ ಹತ್ತುವ ಹಾಗೆಯೇ ಕೊಳ್ಳಬೇಕು ಅಂತಾಯಿತು. ಬ್ರಿಟನ್ನಿನಲ್ಲಿ 2000ದಲ್ಲಿ ನಿಯಮ ಮಾಡಿದರು. ಒಂದಂತಸ್ತಿನ ಬಸ್ಸಿಗೆ 2016, ಡಬಲ್ ಡೆಕ್ಕರ್‌ಗೆ 2017ರ ಗಡುವು ಕೊಟ್ಟರು. ಗಡುವು ಇದ್ದದ್ದಕ್ಕೇ ಕೆಲಸ ಆಯಿತು. "ಹಂತ ಹಂತವಾಗಿ" ಅಂದಿದ್ದರೆ ಇನ್ನೂ ಮೊದಲ ಹಂತದಲ್ಲೇ ಇರುತ್ತಿದ್ದರು.

ಕಾನೂನು_ಕಟ್ಟೆ

ಅಂಗವಿಕಲರ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆಯ 2006ರ ಒಡಂಬಡಿಕೆಯ 9ನೇ ವಿಧಿ ಇದನ್ನೇ ಹೇಳುತ್ತದೆ. ಭಾರತದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 41ನೇ ಸೆಕ್ಷನ್ ಸಾರಿಗೆಗೇ ಮೀಸಲು. ಕಾನೂನಿಗೆ ಬರ ಇಲ್ಲ.

ಗಾಲಿ_ಸವಾರ

ಕಾನೂನು ಇದೆ ಸರ್. ರ‍್ಯಾಂಪಿನ ಬೀಗದ ಕೈ ಯಾರ ಹತ್ತಿರ ಇದೆ ಅಂತ ಕಾನೂನಿನಲ್ಲಿ ಬರೆದಿಲ್ಲ. ತಮಾಷೆಗೆ ಹೇಳುತ್ತಿಲ್ಲ. ಬಸ್ಸು ಬಂತು, ನಿಂತಿತು, ಡ್ರೈವರ್ ಒಳ್ಳೆಯ ಮನುಷ್ಯ, ಇಳಿದೂ ಬಂದರು. ರ‍್ಯಾಂಪಿನ ಹಲಗೆ ನೆಲಕ್ಕೆ ಕಚ್ಚಿಕೊಂಡಿದೆ. ಸಂದಿನಲ್ಲಿ ಮಣ್ಣು, ಹಳೆಯ ಟಿಕೆಟ್ಟು, ಒಂದು ಬಾಟಲಿ ಮುಚ್ಚಳ. ಎತ್ತುವ ಪಟ್ಟಿ ಕಿತ್ತು ಹೋಗಿತ್ತು. ಸ್ಕ್ರೂಡ್ರೈವರ್ ಹಾಕಿ ಮೀಟಿದರು. ಬರಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅನ್ನುವ ಹಾಗೆ ಆಯಿತು.

ಸ್ಟೇರಿಂಗ್_ಹಿಡಿದವ

ಬೆಳಿಗ್ಗೆ ಬಸ್ಸು ಹೊರಡುವ ಮೊದಲು ಬ್ರೇಕು, ಲೈಟು, ಟೈರು ನೋಡಿ ಟಿಕ್ ಹಾಕುತ್ತೇವೆ. ಆ ಪಟ್ಟಿಗೆ "ರ‍್ಯಾಂಪ್ ಒಮ್ಮೆ ತೆಗೆದು ಹಾಕಿ" ಅಂತ ಒಂದು ಸಾಲು ಸೇರಿಸಿ. ದಿನಾ ತೆಗೆದರೆ ಕಚ್ಚಿಕೊಳ್ಳುವುದಿಲ್ಲ. ಅದು ಬರದಿದ್ದರೆ ಬಸ್ಸು ಆ ರೂಟಿಗೆ ಹೋಗಬಾರದು. ಬ್ರೇಕ್ ಇಲ್ಲದ ಬಸ್ಸನ್ನು ಬಿಡುತ್ತೇವಾ?

ಮೂರನೇ_ಸೀಟು

ಅಣ್ಣ, ಈ ಒಂದು ಸಾಲಿಗೆ ದೊಡ್ಡ ನಮಸ್ಕಾರ.

ಅಮ್ಮನ_ಮಗಳು

ಎಲ್ಲರೂ ಬಸ್ಸು ಬಸ್ಸು ಅನ್ನುತ್ತಿದ್ದೀರಿ. ನಮ್ಮಮ್ಮನಿಗೆ ಸಂಧಿವಾತ, ಈಗ ಮರೆವೂ ಶುರುವಾಗಿದೆ. ಸ್ಟಾಪಿನವರೆಗೆ ಹೋಗುವುದೇ ಆಗುವುದಿಲ್ಲ. ಎಷ್ಟೇ ಚೆನ್ನಾದ ಬಸ್ಸು ಬಂದರೂ ಅವರಿಗೆ ಸಿಗುವುದಿಲ್ಲ. ಮನೆ ಬಾಗಿಲಿಗೆ ಬರುವ ವ್ಯಾನೇ ಬೇಕು.

ಗಾಲಿ_ಸವಾರ

ಅಕ್ಕ, ಅಮ್ಮನಿಗೆ ವ್ಯಾನ್ ಬೇಕು, ಒಪ್ಪಿದೆ. ನನ್ನ ಭಯ ಬೇರೆ. ವ್ಯಾನ್ ಬಂದ ಕೂಡಲೇ "ನಿಮಗೆ ವ್ಯಾನ್ ಇದೆಯಲ್ಲ, ಬಸ್ಸು ಯಾಕೆ" ಅನ್ನುತ್ತಾರೆ. ವ್ಯಾನ್ ಬೇಕು ಅಂದರೆ ಹಿಂದಿನ ದಿನವೇ ಹೇಳಬೇಕು. ನಾಳೆ ಗೆಳೆಯನ ಜೊತೆ ಎಷ್ಟು ಹೊತ್ತು ಹರಟೆ ಹೊಡೆಯುತ್ತೇನೆ ಅಂತ ಇವತ್ತೇ ಹೇಳಬೇಕಾ?

ಪುಟ_ತಿರುಗಿಸಿ

ಅಮೆರಿಕದಲ್ಲಿ ಎರಡನ್ನೂ ಒಂದೇ ಕಾಯ್ದೆಯಲ್ಲಿ ಕಟ್ಟಿ ಹಾಕಿದ್ದಾರೆ. ಬಸ್ ಮಾರ್ಗದ ಎರಡೂ ಬದಿಗೆ ಮುಕ್ಕಾಲು ಮೈಲಿ, ಅಂದರೆ ಸುಮಾರು 1.2 ಕಿ.ಮೀ. ಒಳಗೆ, ಮಾಮೂಲಿ ಬಸ್ಸು ಬಳಸಲು ಆಗದವರಿಗೆ ವ್ಯಾನ್ ಕೊಡಲೇಬೇಕು. ದರ ಬಸ್ಸಿನ ಎರಡರಷ್ಟಕ್ಕಿಂತ ಜಾಸ್ತಿ ಇರಬಾರದು. ಬಸ್ಸು ಓಡುವ ಹೊತ್ತಿನಲ್ಲೆಲ್ಲ ಅದೂ ಇರಬೇಕು. ಆದರೆ ಒಂದೊಂದು ವ್ಯಾನ್ ಟ್ರಿಪ್ಪಿನ ಖರ್ಚು ಬಸ್ಸಿಗಿಂತ ಎಷ್ಟೋ ಪಟ್ಟು. ಬಸ್ಸು ಸರಿಯಾದಷ್ಟೂ ವ್ಯಾನ್ ನಿಜಕ್ಕೂ ಬೇಕಾದವರಿಗೆ ಉಳಿಯುತ್ತದೆ.

ಅಮ್ಮನ_ಮಗಳು

ಇದು ಸರಿ. ಹಾಗೇ ವ್ಯಾನ್ ಬರುವ ಸಮಯ ಫೋನಿನಲ್ಲಿ ಮನುಷ್ಯರೇ ಹೇಳಲಿ. ಅಮ್ಮನಿಗೆ ಆ್ಯಪ್ ತೋರಿಸಿದರೆ ಕನ್ನಡಕ ಹುಡುಕುತ್ತಾರೆ.

ನಿವೃತ್ತ_ಮೇಷ್ಟ್ರು

ಆ್ಯಪ್ ಬಗ್ಗೆ ನನ್ನದೂ ಒಂದು ದೂರು. ಟಿಕೆಟ್ ಯಂತ್ರ ಬಂತು, ಕೌಂಟರಿನವರು ಹೋದರು. ಯಂತ್ರದ ಗಾಜಿನ ಮೇಲೆ ಬಿಸಿಲು ಬಿದ್ದರೆ ಏನೂ ಕಾಣುವುದಿಲ್ಲ. ಬೆರಳು ನಡುಗಿದರೆ ಬೇರೆ ಊರಿನ ಟಿಕೆಟ್. ನಿಧಾನ ಮಾಡಿದರೆ ಮೊದಲಿಗೇ ವಾಪಸ್.

ಬಿಳಿ_ಕೋಲು

ನನಗೆ ಬಿಸಿಲು ಬೀಳದಿದ್ದರೂ ಕಾಣುವುದಿಲ್ಲ ಮೇಷ್ಟ್ರೇ 😀 ನುಣುಪು ಗಾಜು, ಒಂದು ಗುಂಡಿಯೂ ಇಲ್ಲ, ಧ್ವನಿಯೂ ಇಲ್ಲ. ಅದು ನನ್ನ ಪಾಲಿಗೆ ಬರೀ ಗೋಡೆ.

ತಳ್ಳುಗಾಡಿ_ಅಮ್ಮ

ಒಂದು ಪ್ರಶ್ನೆ, ಬೈಯಬೇಡಿ. ವೀಲ್‌ಚೇರ್ ಜಾಗದಲ್ಲಿ ನಾನು ಮಗುವಿನ ಗಾಡಿ ನಿಲ್ಲಿಸಿದ್ದೆ, ಮಗು ಮಲಗಿತ್ತು. ವೀಲ್‌ಚೇರ್‌ನವರು ಬಂದರೆ ನಾನು ಇಳಿಯಬೇಕಾ? ಮಲಗಿದ ಮಗುವನ್ನು ಎಬ್ಬಿಸಿ, ಗಾಡಿ ಮಡಚಿ, ಚೀಲ ಹಿಡಿದು… ಅದೂ ಸುಲಭ ಅಲ್ಲ ಅಲ್ವಾ?

ಕಾನೂನು_ಕಟ್ಟೆ

ಇದೇ ಜಗಳ ಬ್ರಿಟನ್ನಿನ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2012ರಲ್ಲಿ ಡಗ್ ಪೌಲಿ ಅನ್ನುವವರಿಗೆ ಬಸ್ಸು ಹತ್ತಲು ಆಗಲಿಲ್ಲ. ಮಲಗಿದ ಮಗುವಿನ ಗಾಡಿ ಆ ಜಾಗದಲ್ಲಿತ್ತು. 2017ರಲ್ಲಿ ತೀರ್ಪು ಬಂತು. ಡ್ರೈವರ್ ಒಮ್ಮೆ ಕೇಳಿ ಸುಮ್ಮನಾದರೆ ಸಾಲದು, ವಿನಾಕಾರಣ ಒಪ್ಪದಿದ್ದರೆ ಇನ್ನೂ ಒತ್ತಾಯಿಸಬೇಕು, ಬೇಕಾದರೆ ಬಸ್ಸನ್ನು ಕೆಲವು ನಿಮಿಷ ನಿಲ್ಲಿಸಬೇಕು ಅಂದರು. ಇಳಿಸಿಯೇ ಬಿಡಿ ಅಂತ ಹೇಳಲಿಲ್ಲ.

ಗಾಲಿ_ಸವಾರ

ತಾಯೀ, ನಿಮ್ಮ ಮೇಲೆ ಕೋಪ ಇಲ್ಲ. ಗಾಡಿ ಮಡಚಬಹುದು, ನನ್ನನ್ನು ಮಡಚಲು ಆಗುವುದಿಲ್ಲ. ಅಷ್ಟೇ ವ್ಯತ್ಯಾಸ. ನಿಜವಾಗಿ ಆಗಬೇಕಾದ್ದು ಎರಡಕ್ಕೂ ಜಾಗ. ಆ ಕಡೆಯ ಎರಡು ಸೀಟು ಮಡಚುವಂಥದ್ದು ಮಾಡಿದರೆ ಮುಗಿಯಿತು.

ತಳ್ಳುಗಾಡಿ_ಅಮ್ಮ

ಸರಿ, ಎದ್ದು ಜಾಗ ಬಿಡುತ್ತೇನೆ. ಆದರೆ ಮಗುವನ್ನು ನೀವು ಎತ್ತಿಕೊಳ್ಳಬೇಕು.

ಗಾಲಿ_ಸವಾರ

ತೊಡೆ ಖಾಲಿಯೇ ಇದೆ, ಕೊಡಿ.

ನೋಡಲು_ಚೆನ್ನಾಗಿದ್ದೇನೆ

ಮೀಸಲು ಸೀಟಿನ ಮಾತು ಬಂತಲ್ಲ. ನನಗೆ ವಯಸ್ಸು ಮೂವತ್ತರ ಒಳಗೆ. ಹೃದಯದ ತೊಂದರೆ ಇದೆ, ಜಾಸ್ತಿ ಹೊತ್ತು ನಿಂತರೆ ಕಣ್ಣು ಕತ್ತಲೆ ಬರುತ್ತದೆ. ಕೂತರೆ ಸುತ್ತಲಿನವರ ನೋಟ ನೋಡಬೇಕು! ಒಬ್ಬರು "ಈಗಿನ ಕಾಲದ ಹುಡುಗರು" ಅಂತ ಇಡೀ ಬಸ್ಸಿಗೆ ಭಾಷಣ ಮಾಡಿದರು.

ಪುಟ_ತಿರುಗಿಸಿ

ಟೋಕಿಯೊದಲ್ಲಿ 2012ರಿಂದ ಇದಕ್ಕೆ ಒಂದು ಕೆಂಪು ಪಟ್ಟಿ ಇದೆ, ಚೀಲಕ್ಕೆ ಕಟ್ಟಿಕೊಳ್ಳುವುದು. 2016ರಲ್ಲಿ ಬ್ರಿಟನ್ನಿನ ಗ್ಯಾಟ್ವಿಕ್ ವಿಮಾನ ನಿಲ್ದಾಣದಲ್ಲಿ ಸೂರ್ಯಕಾಂತಿ ಚಿತ್ರದ ಕೊರಳಪಟ್ಟಿ ಶುರುವಾಯಿತು. ಈಗ ಬೇರೆ ದೇಶಗಳಲ್ಲೂ ಇದೆ. ಕಾಯಿಲೆ ಏನು ಅಂತ ಹೇಳಬೇಕಾಗಿಲ್ಲ.

ನಿವೃತ್ತ_ಮೇಷ್ಟ್ರು

ನನಗೆ ಇದು ಸರಿ ಕಾಣುವುದಿಲ್ಲ. ಕೂರಲು ಕೊರಳಿಗೆ ಪಟ್ಟಿ ಕಟ್ಟಿಕೊಂಡು ಓಡಾಡಬೇಕಾ?

ನೋಡಲು_ಚೆನ್ನಾಗಿದ್ದೇನೆ

ಸರ್, ಕಟ್ಟಿಕೊಳ್ಳದಿದ್ದರೆ ದಿನಾ ಬಾಯಿಬಿಟ್ಟು ವಿವರಿಸಬೇಕು. ನನಗೆ ಪಟ್ಟಿಯೇ ವಾಸಿ. ಬೇಡದವರು ಬಿಡಲಿ.

ನಿರ್ವಾಹಕರು

ಪಟ್ಟಿಯ ಜಗಳ ಇಲ್ಲಿಗೆ ಸಾಕು. ಮೂಲ ಪ್ರಶ್ನೆಗೆ ಬನ್ನಿ.

ಮೂರನೇ_ಸೀಟು

ಮೂಲ ಪ್ರಶ್ನೆಗೇ ಬರುತ್ತೇನೆ. ಒಂದೇ ಕೆಲಸ ಹೇಳಿ ಅಂದೆ. ನೀವು ಲಿಫ್ಟು, ಫುಟ್‌ಪಾತು, ಸ್ಪೀಕರು, ಬೋರ್ಡು, ಟೈಮ್ ಟೇಬಲ್, ಅಂಚುಕಲ್ಲು ಎಲ್ಲ ಹೇಳಿದಿರಿ. ಯಾವುದನ್ನು ಬಿಟ್ಟರೂ ಉಳಿದದ್ದು ಕೆಲಸ ಮಾಡುವುದಿಲ್ಲ ಅಂತಲೂ ಹೇಳಿದಿರಿ. ನಾನು ಏನು ಬರೆಯಲಿ?

ಸಿಮೆಂಟು_ಮರಳು

ಒಂದೇ ಕೆಲಸ ಬೇಡ, ಒಂದೇ ರೂಟು ಅನ್ನಿ. ಇರುವ ರ‍್ಯಾಂಪ್ ಬಸ್ಸುಗಳನ್ನು ಎಲ್ಲ ರೂಟಿಗೂ ಚೂರು ಚೂರು ಹಂಚುತ್ತಾರೆ. ಅದರಿಂದ ಯಾರಿಗೂ ಉಪಯೋಗ ಆಗುವುದಿಲ್ಲ, ವರದಿಯಲ್ಲಿ ಮಾತ್ರ ಎಲ್ಲ ಕಡೆ ಇದೆ ಅಂತ ಕಾಣುತ್ತದೆ. ಅದರ ಬದಲು ಒಂದು ರೂಟು ಆರಿಸಿ. ಅದರಲ್ಲಿ ಓಡುವ ಪ್ರತಿ ಬಸ್ಸೂ ರ‍್ಯಾಂಪ್ ಬಸ್ಸೇ ಆಗಿರಲಿ. ಪ್ರತಿ ಸ್ಟಾಪಿನ ಅಂಚು, ಅಲ್ಲಿಗೆ ಬರುವ ದಾರಿ, ಸ್ಪೀಕರ್, ಬೋರ್ಡ್, ಕೂರುವ ಬೆಂಚು, ಹತ್ತಿರದ ಸಿಗ್ನಲ್ಲು ಎಲ್ಲವನ್ನೂ ಸರಿಮಾಡಿ. ಟೈಮ್ ಟೇಬಲ್ಲಿಗೆ ನಿಮಿಷ ಸೇರಿಸಿ. ಆಮೇಲೆ ಎರಡನೇ ರೂಟು.

ಖರ್ಚು_ವೆಚ್ಚ

ಉಳಿದ ರೂಟಿನವರು ಬಾಯಿ ಬಾಯಿ ಬಡಿದುಕೊಳ್ಳುತ್ತಾರೆ.

ಗಾಲಿ_ಸವಾರ

ಉಳಿದ ರೂಟಿನಲ್ಲಿ ಈಗ ಏನು ಸಿಗುತ್ತಿದೆ ಅಂತ? ನಂಬಿ ಹೋಗಬಹುದಾದ ಒಂದು ರೂಟು ಇದ್ದರೆ ನಾನು ಮನೆಯನ್ನೇ ಅದರ ಪಕ್ಕಕ್ಕೆ ಬದಲಿಸುತ್ತೇನೆ. ನಿಜವಾಗಿ.

ನಿವೃತ್ತ_ಮೇಷ್ಟ್ರು

ಸಿಗ್ನಲ್ ಅಂದಿದ್ದು ಒಳ್ಳೆಯದಾಯಿತು. ಸ್ಟಾಪು ರಸ್ತೆಯ ಆ ಕಡೆ ಇರುತ್ತದೆ. ಅರ್ಧ ದಾಟುವಷ್ಟರಲ್ಲಿ ದೀಪ ಕೆಂಪಾಗುತ್ತದೆ.

ಸಿಮೆಂಟು_ಮರಳು

ಸಾಮಾನ್ಯವಾಗಿ ಸೆಕೆಂಡಿಗೆ 1.2 ಮೀಟರ್ ನಡೆಯುತ್ತಾರೆ ಅಂತ ಲೆಕ್ಕ ಹಾಕಿ ದೀಪದ ಸಮಯ ಇಡುತ್ತಾರೆ. ವಯಸ್ಸಾದವರಲ್ಲಿ ಎಷ್ಟೋ ಜನ ಆ ವೇಗದಲ್ಲಿ ನಡೆಯಲಾರರು. ಸಿಂಗಪುರದಲ್ಲಿ 2009ರಿಂದ ಹಿರಿಯರು ತಮ್ಮ ಕಾರ್ಡನ್ನು ಸಿಗ್ನಲ್ ಕಂಬಕ್ಕೆ ತಾಗಿಸಿದರೆ ಹಸಿರು ದೀಪ ಇನ್ನಷ್ಟು ಸೆಕೆಂಡು ಉಳಿಯುತ್ತದೆ.

ಬಿಳಿ_ಕೋಲು

ಸ್ಟಾಪಿನಲ್ಲಿ ಉಬ್ಬು ಟೈಲ್ಸ್ ಹಾಕುವುದಾದರೆ ದಯವಿಟ್ಟು ಗೊತ್ತಿದ್ದವರಿಂದ ಹಾಕಿಸಿ. ಜಪಾನಿನ ಸೆಯಿಚಿ ಮಿಯಾಕೆ 1965ರಲ್ಲಿ ಅದನ್ನು ಕಂಡುಹಿಡಿದರು. 1967ರಲ್ಲಿ ಒಕಾಯಾಮಾದಲ್ಲಿ, ಅಂಧರ ಶಾಲೆಯೊಂದರ ಹತ್ತಿರ, ಮೊದಲು ಹಾಸಿದರು. ಈಗಿನ ಪದ್ಧತಿ ಸುಲಭ. ಉದ್ದ ಗೆರೆ ಇದ್ದರೆ ಮುಂದೆ ನಡೆ, ಗುಂಡು ಚುಕ್ಕಿ ಇದ್ದರೆ ನಿಲ್ಲು, ಎಚ್ಚರ. ಕೆಲವು ಕಡೆ ಇದನ್ನು ಅಲಂಕಾರ ಅಂದುಕೊಂಡು ಹಾಸುತ್ತಾರೆ. ಗೆರೆ ಹಿಡಿದು ಹೋದರೆ ಲೈಟು ಕಂಬ ಸಿಗುತ್ತದೆ.

ಮತ್ತೆ, ಅಧಿಕಾರಿಗಳ ಕಣ್ಣಿಗೆ ಬಟ್ಟೆ ಕಟ್ಟಿ ನಡೆಸುವ ಕಾರ್ಯಕ್ರಮ ಬೇಡ. ಹತ್ತು ನಿಮಿಷ ತಡವರಿಸಿ "ಅಯ್ಯೋ ಪಾಪ" ಅನ್ನುತ್ತಾರೆ. ನಮ್ಮನ್ನೇ ಕರೆಯಿರಿ, ಇಡೀ ರೂಟು ನಮ್ಮ ಜೊತೆ ಬನ್ನಿ. ಅದು ಕೆಲಸ, ಅದಕ್ಕೆ ಸಂಬಳ ಕೊಡಿ.

ಮೂರನೇ_ಸೀಟು

ಸಂಬಳದ ಮಾತು ಖಂಡಿತ ಹಾಕುತ್ತೇನೆ. ಹಾಗಾದರೆ ಯಾವ ರೂಟು? ಆಸ್ಪತ್ರೆಗೆ ಹೋಗುವುದು ಅಂತ ಸಮಿತಿಯಲ್ಲಿ ಎಲ್ಲರೂ ಅನ್ನುತ್ತಾರೆ.

ಸನ್ನೆ_ಬಲ್ಲವಳು

ನಾನು ಆಸ್ಪತ್ರೆಗೆ ಹೋಗಿ ಎಷ್ಟು ಕಾಲವಾಯಿತೋ. ಆಫೀಸಿಗೆ ದಿನಾ ಹೋಗುತ್ತೇನೆ.

ಅಮ್ಮನ_ಮಗಳು

ನಮಗೆ ಆಸ್ಪತ್ರೆಯೇ.

ಗಾಲಿ_ಸವಾರ

ಆಸ್ಪತ್ರೆ ಮತ್ತು ಆಫೀಸು ಎರಡೂ ಸೇರುವ ರೂಟು ಇರಬಹುದು, ನೋಡಿ. ನನ್ನ ಬೇಡಿಕೆ ಒಂದೇ. ರಾತ್ರಿಯ ಕೊನೇ ಬಸ್ಸಿಗೂ ರ‍್ಯಾಂಪ್ ಇರಬೇಕು. ಸಿನಿಮಾ ನೋಡಿ ವಾಪಸ್ ಬರಬೇಕಲ್ಲ.

ಸ್ಟೇರಿಂಗ್_ಹಿಡಿದವ

ಅಲ್ಲೇ ತೊಡಕು. ನಮ್ಮಲ್ಲಿ ಕೊನೇ ಟ್ರಿಪ್ಪಿಗೆ ಯಾವಾಗಲೂ ಹಳೆಯ ಎತ್ತರದ ಬಸ್ಸೇ. ಹೊಸದನ್ನು ತೊಳೆಯಲು, ಚಾರ್ಜ್ ಮಾಡಲು ಬೇಗ ಒಳಗೆ ತರುತ್ತಾರೆ.

ಮೂರನೇ_ಸೀಟು

ಇದನ್ನು ಸಭೆಯಲ್ಲಿ ಯಾರೂ ಹೇಳಲೇ ಇಲ್ಲ! ಯಾವ ಬಸ್ಸು ಯಾವ ಟ್ರಿಪ್ಪಿಗೆ ಅಂತ ಯಾರು ಹಾಕುತ್ತಾರೆ?

ಸ್ಟೇರಿಂಗ್_ಹಿಡಿದವ

ಡಿಪೊದಲ್ಲಿ ಡ್ಯೂಟಿ ಬರೆಯುವವರು. ಸಮಿತಿಗೆ ಅವರನ್ನೂ ಕರೆಯಿರಿ, ದೊಡ್ಡವರನ್ನು ಮಾತ್ರ ಕರೆದರೆ ಆಗುವುದಿಲ್ಲ. ಸಂಜೆ ಇಡಬೇಡಿ, ಆಗ ಅವರಿಗೆ ಪುರುಸೊತ್ತು ಇರುವುದಿಲ್ಲ. ಮಧ್ಯಾಹ್ನ ಶಿಫ್ಟ್ ಬದಲಾಗುವ ಮೊದಲು ಇಟ್ಟರೆ ನಾನೂ ಬರುತ್ತೇನೆ.